ರಸ್ತೆನೇ ಇಲ್ಲದ ಲೂತ್ರೋ ಊರಲ್ಲಿ ನಾಲ್ಕು ರಾತ್ರಿ (ಐದಕ್ಕೆ ನಾಲ್ಕು ಸ್ಟಾರು)

ಮೊದ್ಲೇ ಹೇಳ್ಬಿಡ್ತೀನಿ, ಬೀಚು ಅಂದ್ರೆ ಮೆತ್ತನೆ ಮರಳು, ಡಿಜೆ, ಮಧ್ಯರಾತ್ರಿವರೆಗೂ ಗಲಾಟೆ ಅಂತ ಇರೋರಿಗೆ ಈ ಊರು ಆಗಿಬರಲ್ಲ. ಮರಳೂ ಇಲ್ಲ, ಡಿಜೆನೂ ಇಲ್ಲ. ಇರೋದು ಒಂದು ಸಣ್ಣ ಕೊಲ್ಲಿ, ಅದರ ಸುತ್ತ ಒಂದೇ ಸಾಲು ಬಿಳೀ ಮನೆಗಳು, ನೀಲಿ ಕಿಟಕಿ, ಹಿಂದೆ ಗೋಡೆ ಥರ ನಿಂತಿರೋ ಬೋಳು ಬೆಟ್ಟ, ಅಷ್ಟೇ. ಗ್ರೀಸ್‌ನ ಕ್ರೀಟ್ ದ್ವೀಪ ಇದ್ಯಲ್ಲ, ಅದರ ದಕ್ಷಿಣ ದಡದಲ್ಲಿದೆ, ಮುಂದಿರೋ ನೀರಿಗೆ ಲಿಬಿಯನ್ ಸಮುದ್ರ ಅಂತಾರೆ. ಬೆಟ್ಟ ನೇರ ಸಮುದ್ರಕ್ಕೇ ಇಳಿದಿರೋದ್ರಿಂದ ಲೂತ್ರೋಗೆ ರಸ್ತೆ ಇಲ್ಲ. ಬೋಟಲ್ಲಿ ಹೋಗ್ಬೇಕು, ಇಲ್ಲಾಂದ್ರೆ ಕಾಲ್ನಡಿಗೆ.

ನಾವಿರೋದು ಜರ್ಮನಿಲಿ. ಅಮ್ಮ ಸಾಗರದಿಂದ ಮೂರು ತಿಂಗಳಿಗೆ ಅಂತ ಬಂದಿದ್ರು, ಷೆಂಗೆನ್ ವೀಸಾ ಹೆಂಗೂ ಇತ್ತು, ಗ್ರೀಸ್‌ಗೆ ಬೇರೆ ವೀಸಾ ಬೇಡ, ಸೆಪ್ಟೆಂಬರ್ ಕೊನೆಗೆ ನಾನು, ನನ್ ಹೆಂಡ್ತಿ, ಏಳು ವರ್ಷದ ಮಗಳು, ಅಮ್ಮ ನಾಲ್ಕೂ ಜನ ಹೊರಟ್ವಿ. ರಸ್ತೆ ಇಲ್ಲ ಅನ್ನೋದನ್ನ ಅಮ್ಮಂಗೆ ಫ್ಲೈಟ್ ಹತ್ತೋವರೆಗೂ ಹೇಳಿರ್ಲಿಲ್ಲ. ಯಾಕಂದ್ರೆ ಅವರ ತವರು ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆಗಿ ಶರಾವತಿ ಹಿನ್ನೀರು ತುಂಬಿದ ಮೇಲೆ ಆ ಕಡೆಯವರ ಪಾಡು ಲಾಂಚ್ ಪಾಡಾಗಿತ್ತು ಅಂತ ಸಾಗರದ ಕಡೆಯವರಿಗೆ ನಾನು ಹೇಳ್ಬೇಕಾಗಿಲ್ಲ. ಕೊನೇ ಲಾಂಚ್ ತಪ್ಪಿದ್ರೆ ಹೊಳೆ ಈಚೆಗೇ ಯಾರ ಮನೇಲಾದ್ರೂ ಮಲಗ್ಬೇಕಿತ್ತು. ಅಂಥವ್ರನ್ನ ಅಷ್ಟು ದುಡ್ಡು ಖರ್ಚು ಮಾಡಿ ಇನ್ನೊಂದು ಲಾಂಚ್ ಊರಿಗೇ ಕರ್ಕೊಂಡು ಹೋಗ್ತಿದೀನಿ ಅಂತ ಗೊತ್ತಾದಾಗ ಒಂದೇ ಮಾತಂದ್ರು: "ಸೇತುವೆ ಆತು ಅಂತ ಈಗಷ್ಟೇ ಖುಷಿ ಪಟ್ಟಿದ್ನಲ್ಲ ಮಾರಾಯ." 2025ರ ಜುಲೈಲಿ ಸಿಗಂದೂರು ಸೇತುವೆ ಓಪನ್ ಆಗಿ ಎರಡೂವರೆ ತಿಂಗಳೂ ಆಗಿರ್ಲಿಲ್ಲ.

ದಾರಿ ಹೀಗೆ. ಹನ್ಯಾ (ಇಂಗ್ಲಿಷ್ ಬೋರ್ಡ್ ಓದಿದ್ರೆ ಚಾನಿಯಾ ಅನ್ಸುತ್ತೆ, ಹಂಗಂದ್ರೆ ಅಲ್ಲಿಯವ್ರು ನಗ್ತಾರೆ) ಏರ್‌ಪೋರ್ಟಲ್ಲಿ ಇಳಿದು, ಸಿಟಿ ಬಸ್ ಸ್ಟ್ಯಾಂಡಿಗೆ ಹೋಗಿ, ಅಲ್ಲಿಂದ ಸ್ಫಾಕ್ಯಾ ಬಸ್ಸು. ಎರಡು ಗಂಟೆ ಒಳಗೆ ದ್ವೀಪದ ಉತ್ತರದಿಂದ ದಕ್ಷಿಣಕ್ಕೆ ದಾಟಿಸ್ತಾನೆ. ಬಿಳಿ ಬೆಟ್ಟಗಳು ಅಂತ್ಲೇ ಹೆಸರಿರೋ ಲೆಫ್ಕಾ ಓರಿ ಸಾಲು, ಅದರಲ್ಲಿ ಎತ್ತರದ್ದು ಎರಡು ಸಾವಿರದ ನಾನೂರು ಮೀಟರ್ ಮೇಲಿದೆ, ಅದನ್ನ ದಾಟ್ತಿದ್ದಂಗೆ ಕೆಳಗೆ ಒಮ್ಮೆಲೇ ಸಮುದ್ರ ಕಾಣತ್ತೆ, ಆಮೇಲೆ ಶುರು ತಿರುವುಗಳು. ಆಗುಂಬೆ ಘಾಟಿನ ಮರ ಎಲ್ಲ ಕಡಿದು ಬಿಸಿಲಲ್ಲಿ ಒಣಹಾಕಿದ್ರೆ ಹೆಂಗಿರತ್ತೋ ಹಂಗೆ, ಮಧ್ಯೆ ಮಧ್ಯೆ ರೋಡಿಗೇ ಬಂದು ನಿಲ್ಲೋ ಆಡುಗಳು ಬೇರೆ. ವಾಂತಿ ಮಾಡೋ ಮಕ್ಕಳಿದ್ರೆ ಎಡಗಡೆ ಬಲಗಡೆ ಅಂತ ನೋಡದೆ ಮುಂದಿನ ಸೀಟು ಹಿಡೀರಿ, ಅನುಭವದಿಂದ ಹೇಳ್ತಿದೀನಿ.

ಸ್ಫಾಕ್ಯಾದಿಂದ ಬೋಟು ಇಪ್ಪತ್ತು ನಿಮಿಷ. ಬೋಟ್ ಅಂದ್ರೆ ಸಣ್ಣದಲ್ಲ, ಮುಂದಿನ ಬಾಗಿಲು ಹಲಗೆ ಥರ ಕೆಳಗೆ ಬೀಳತ್ತೆ, ಥೇಟ್ ನಮ್ಮ ಸಿಗಂದೂರು ಲಾಂಚೇ ಮೂರು ಅಂತಸ್ತಾದಂಗೆ. ಅದನ್ನ ನೋಡಿ ಅಮ್ಮನ ಮುಖ ಸ್ವಲ್ಪ ಸಡ್ಲ ಆಯ್ತು, ಎಲ್ಲಿ ನಿಂತ್ರೆ ಮೊದ್ಲು ಇಳೀಬಹುದು ಅಂತ ನಮಗೇ ಹೇಳ್ಕೊಟ್ರು. ಲೂತ್ರೋಲಿ ಹಲಗೆ ಬೀಳತ್ತೆ, ಜನ ಇಳೀತಾರೆ, ಟೊಮ್ಯಾಟೊ ಕ್ರೇಟು, ನೀರಿನ ಬಾಟ್ಲಿ, ಹಾಸಿಗೆ ಬಟ್ಟೆ ಮೂಟೆ ಎಲ್ಲಾ ಕೈಗಾಡೀಲಿ ಇಳಿಯತ್ತೆ, ಕಾರು ಮಾತ್ರ ಇಳಿಯಲ್ಲ. ಐದು ನಿಮಿಷದಲ್ಲಿ ಹಲಗೆ ಎತ್ಕೊಂಡು ಹೋಗೇ ಬಿಡತ್ತೆ. ಆಮೇಲೆ ಬರೋ ನಿಶ್ಶಬ್ದ ಇದ್ಯಲ್ಲ, ಅದಕ್ಕೇ ನಾನು ಮೂರು ಸ್ಟಾರ್ ಕೊಡ್ತೀನಿ. ಎಂಜಿನ್ ಸದ್ದಿಲ್ಲ, ಹಾರ್ನ್ ಇಲ್ಲ, ತಟ್ಟೆ ಚಮಚದ ಸದ್ದು, ಮೇಲೆಲ್ಲೋ ಆಡಿನ ಕೊರಳ ಗಂಟೆ. ಮಗಳ ಕೈ ಬಿಟ್ಟು ನಡೀಬಹುದು ಅನ್ನೋದು ನನ್ ಹೆಂಡ್ತಿಗೆ ಎರಡನೇ ದಿನ ಹೊಳೀತು, ಅಲ್ಲೀವರೆಗೂ ಅಭ್ಯಾಸಬಲದಿಂದ ಗಟ್ಟಿಯಾಗಿ ಹಿಡ್ಕೊಂಡೇ ಇದ್ಲು.

ಈಗ ರೂಮಿನ ವಿಷ್ಯ, ಒಂದು ಸ್ಟಾರ್ ಹೋಗಿದ್ದು ಇಲ್ಲೇ. ಹೆಸರು ಬೇಡ. ಬುಕ್ ಮಾಡುವಾಗ್ಲೇ ಅಮ್ಮಂಗೆ ಮೊಣಕಾಲು ನೋವು, ಕೆಳಗಿನ ರೂಮೇ ಬೇಕು ಅಂತ ಬರೆದಿದ್ದೆ, ಆಯ್ತು ಅಂತ ರಿಪ್ಲೈ ಕೂಡ ಬಂದಿತ್ತು. ಹೋಗಿ ನೋಡಿದ್ರೆ ಮೂವತ್ತೆರಡು ಮೆಟ್ಲು ಮೇಲೆ. ಬೆಟ್ಟದ ಬುಡದಲ್ಲಿರೋ ಊರು, ಎರಡನೇ ಸಾಲಿಗೆ ಹೋದ್ರೆ ಮೆಟ್ಲೇ ಗತಿ, ಅದು ನಂಗೂ ಅರ್ಥ ಆಗತ್ತೆ, ಆದ್ರೆ ಆಗಲ್ಲ ಅಂತ ಮೊದ್ಲೇ ಹೇಳಿದ್ರೆ ಬೇರೆ ಕಡೆ ನೋಡ್ತಿದ್ವಲ್ಲ. ಸೋಲಾರ್ ಬಿಸಿನೀರು ಮೂರನೇಯವ್ರ ಸ್ನಾನಕ್ಕೇ ಖಾಲಿ, ನಾಲ್ಕನೇಯವ್ನು ಯಾವಾಗ್ಲೂ ನಾನೇ. ಸೀ ವ್ಯೂ ಅಂತಿದ್ದಿದ್ದು ಬಾಲ್ಕನಿಯ ಒಂದು ಮೂಲೇಲಿ ಕತ್ತು ಚಾಚಿದ್ರೆ ನಿಜಾನೇ. ಟಾಯ್ಲೆಟ್ ಪೇಪರ್ ಕಮೋಡಿಗೆ ಹಾಕ್ಬೇಡಿ ಡಬ್ಬಿಗೆ ಹಾಕಿ ಅನ್ನೋ ಬೋರ್ಡು ಮಾತ್ರ ಇವರದ್ದೊಂದೇ ಅಲ್ಲ, ಗ್ರೀಸ್‌ನಲ್ಲಿ ಹೆಚ್ಚಿನ ಕಡೆ ಹಂಗೇ, ಅದಕ್ಕೆ ಮಾರ್ಕ್ಸ್ ಕಳೀಬೇಡಿ.

ಊಟಕ್ಕೆ ಬರೋಣ. ನಾವು ಶಾಕಾಹಾರಿಗಳು, ಒಂದು ಡಬ್ಬಿ ಅವಲಕ್ಕಿ, ಚಟ್ನಿಪುಡಿ, ಎಂಟಿಆರ್ ಪ್ಯಾಕೆಟ್ ಎಲ್ಲಾ ಹೊತ್ಕೊಂಡು ಹೋಗಿದ್ವಿ, ಮುಕ್ಕಾಲು ಭಾಗ ಹಂಗೇ ವಾಪಸ್ ಬಂತು. ಕ್ರೀಟ್‌ನವ್ರು ಸೊಪ್ಪು ಕಾಳು ಚೆನ್ನಾಗೇ ತಿಂತಾರೆ. ಹೋರ್ತಾ ಅಂತ ಬೇಯಿಸಿದ ಕಾಡುಸೊಪ್ಪಿಗೆ ಆಲಿವ್ ಎಣ್ಣೆ, ನಿಂಬೆಹಣ್ಣು. ಯೆಮಿಸ್ತಾ ಅಂತ ಟೊಮ್ಯಾಟೊ, ದೊಣ್ಮೆಣಸಿನಕಾಯಿ ಒಳಗೆ ಅನ್ನ ತುಂಬಿ ಬೇಕ್ ಮಾಡಿದ್ದು (ಮಾಂಸ ಹಾಕಿದ್ದೂ ಇರತ್ತೆ, ಕೇಳಿ ತಗೊಳ್ಳಿ). ಫಾವಾ ಅಂತ ಹಳದಿ ಬೇಳೆ ಬೇಯಿಸಿ ನುಣ್ಣಗೆ ಮಾಡಿ ಮೇಲೆ ಈರುಳ್ಳಿ ಉದುರಿಸ್ತಾರೆ, ಅಮ್ಮ ಒಂದು ಚಮಚ ತಿಂದು ಸ್ವಲ್ಪ ಹೊತ್ತು ಯೋಚ್ನೆ ಮಾಡಿ "ತೊವ್ವೆ ಚೆನ್ನಾಗಿದೆ, ಒಗ್ಗರಣೆ ಹಾಕೋದು ಮರ್ತಿದಾರೆ" ಅಂದ್ರು. ದಾಕೋಸ್ ಅನ್ನೋದು ಬಾರ್ಲಿ ರಸ್ಕ್ ಮೇಲೆ ಟೊಮ್ಯಾಟೊ, ಚೀಸು. ರಸ್ಕು ಕಲ್ಲು ಇದ್ದಂಗಿರತ್ತೆ, ಟೊಮ್ಯಾಟೊ ರಸ ಇಳಿದು ನೆನೆಯೋವರೆಗೂ ಕಾಯ್ಬೇಕು, ಮಗಳು ಕಾಯ್ಲಿಲ್ಲ, ಅಲ್ಲಾಡ್ತಿದ್ದ ಮುಂದಿನ ಹಲ್ಲು ಅದರಲ್ಲೇ ಉಳೀತು. ಅಮ್ಮ ತಕ್ಷಣ ಮಾಡಿನ ಮೇಲೆ ಎಸೀಬೇಕು ಅಂದ್ರು, ನಾನು ಸುಮ್ನಿರಮ್ಮ ಅಂತಿದ್ರೆ ಆ ತವೆರ್ನಾ (ಅಲ್ಲಿಯ ಸಣ್ಣ ಊಟದ ಹೋಟೆಲು) ನಡ್ಸೋ ಹೆಂಗಸು ಹಲ್ಲು ನೋಡಿ ತಾನೇ ಮೇಲ್ಗಡೆ ಕೈ ತೋರಿಸ್ತು. ಗ್ರೀಕರಲ್ಲೂ ಅದೇ ಪದ್ಧತಿಯಂತೆ, ಹಾಲುಹಲ್ಲು ಸೂರಿನ ಮೇಲೆ ಎಸೆದ್ರೆ ಇಲಿ ಗಟ್ಟಿ ಹಲ್ಲು ಕೊಡತ್ತೆ ಅಂತ. ನಮ್ಮಲ್ಲಿ ಸಗಣಿ ಉಂಡೆಲಿಟ್ಟು ಎಸೀತಾರೆ, ಅಲ್ಲಿ ಆಡು ಬಿಟ್ರೆ ಏನೂ ಇರ್ಲಿಲ್ಲ, ಬರೀ ಹಲ್ಲೇ ಎಸೆದ್ವಿ.

ಅಲ್ಲಿಂದ ಇಬ್ರಿಗೂ ದೋಸ್ತಿ. ಮಾರನೇ ದಿನ ಸ್ಫಾಕಿಯಾನಿ ಪೀತಾ ಆರ್ಡರ್ ಮಾಡಿದ್ವಿ, ಆ ಸೀಮೆಯದ್ದೇ ತಿಂಡಿ, ತೆಳ್ಳಗೆ ರೊಟ್ಟಿ ಥರ ಬರತ್ತೆ, ಮೇಲೆ ಜೇನುತುಪ್ಪ. ಅಮ್ಮ ಅಂಚು ಮುರಿದು ಒಳಗೆ ನೋಡಿ, ಎದ್ದು ಸೀದಾ ಅಡುಗೆಮನೆ ಬಾಗಿಲಿಗೇ ಹೋಗಿ ನಿಂತ್ಕೊಂಡ್ರು. ಮೈದಾ ಕಣಕದ ಉಂಡೆ, ಅದನ್ನ ಅಂಗೈಲಿ ಬಟ್ಟಲು ಮಾಡಿ ಒಳಗೆ ಮಿಜಿಥ್ರಾ ಅನ್ನೋ ತಾಜಾ ಚೀಸಿನ ಉಂಡೆ ಇಟ್ಟು, ಬಾಯಿ ಮುಚ್ಚಿ, ಒತ್ತಿ, ಲಟ್ಟಿಸಿ, ಬಾಣಲೆ ಮೇಲೆ ಎರಡೂ ಕಡೆ ಕಂದು ಚುಕ್ಕೆ ಬರೋ ಹಂಗೆ ಬೇಯಿಸೋದು. ಹೋಳಿಗೆ ಅಲ್ದೆ ಮತ್ತೇನು ಅದು! ಹೂರಣ ಒಂದು ಬೇರೆ. ನಮ್ಮಮ್ಮ ಬಳೆ ಹಿಂದಕ್ಕೆ ಸರಿಸಿ ಒಂದು ಉಂಡೆ ಇಸ್ಕೊಂಡು ಲಟ್ಟಣಿಗೆ ಮುಟ್ಟದೆ ಎಣ್ಣೆ ಕೈಯಲ್ಲಿ ತಟ್ಟಿ ತೋರಿಸಿದ್ರು, ಒಂದು ಕಡೆ ಚೀಸು ಹೊರಗೆ ಬಂತು, ಆ ಹೆಂಗಸು ಬೆರಳಲ್ಲಿ ಒಂಚೂರು ಹಿಟ್ಟು ತೇಪೆ ಹಾಕಿ ಬಾಣಲೆಗೆ ಹಾಕ್ತು. ಬಿಲ್ಲಲ್ಲಿ ಅದು ಇರ್ಲಿಲ್ಲ. ಬಿಲ್ ಜೊತೆ ಹಣ್ಣು, ಒಂದು ಪುಟ್ಟ ಬಾಟ್ಲಿ ರಾಕಿ ಅನ್ನೋ ಅಲ್ಲಿಯ ಸಾರಾಯಿ ಫ್ರೀ ಬರತ್ತೆ, ಕ್ರೀಟ್‌ನಲ್ಲಿ ಅದು ಪದ್ಧತಿ. ಅಮ್ಮ ಕುಡಿಯಲ್ಲ ಅಂದಾಗ ಮೊಣಕಾಲಿಗೆ ಉಜ್ಜಿಕೊಳ್ಳಿ ಅಂತ ಸನ್ನೆ ಮಾಡಿ ತೋರಿಸ್ತು. ಉಜ್ಜಿಕೊಂಡ್ರು. ರೂಮೆಲ್ಲ ಬಾರ್ ವಾಸನೆ, ಬೆಳಿಗ್ಗೆ ಮೂವತ್ತೆರಡು ಮೆಟ್ಲು ನಮಗಿಂತ ಮೊದ್ಲು ಇಳಿದಿದ್ರು.

ನಾಲ್ಕು ಜನಕ್ಕೆ ಒಂದು ಹೊತ್ತಿನ ಊಟ 50ರಿಂದ 60 ಯೂರೋ ಆಗ್ತಿತ್ತು. ಎಲ್ಲಾ ಸಾಮಾನೂ ಬೋಟಲ್ಲೇ ಬರ್ಬೇಕು, ಅದ್ರಿಂದ ಹನ್ಯಾಗಿಂತ ಸ್ವಲ್ಪ ಜಾಸ್ತಿ ಅನ್ಸಿದ್ರೂ ನಾನು ಗೊಣಗಲ್ಲ. ಕ್ಯಾಶ್ ಮಾತ್ರ ಸ್ಫಾಕ್ಯಾದಲ್ಲೇ ತಗೊಂಡು ಬೋಟ್ ಹತ್ತಿ.

ನೋಡೋದಕ್ಕೇನಿದೆ ಅಂತ ಕೇಳ್ತೀರಾದ್ರೆ, ಕಡಿಮೆನೇ. ಪಕ್ಕದ ಗುಡ್ಡದ ಮೂತಿ ಮೇಲೆ ಹಳೇ ಕೋಟೆಯ ಗೋಡೆಗಳು. ಆರುನೂರು ಮೀಟರ್ ಮೇಲೆ ಅನೋಪೊಲಿ ಅನ್ನೋ ಊರು, 1770ರಲ್ಲಿ ತುರ್ಕರ ವಿರುದ್ಧ ದಂಗೆ ಎಬ್ಬಿಸಿದ ದಸ್ಕಲೋಯಾನಿಸ್ ಅಲ್ಲಿಯವ್ನು. ಮರುವರ್ಷ ಅವನ ಚರ್ಮ ಸುಲಿದು ಕೊಂದ್ರು. ನಾವು ಇಳಿದ ಹನ್ಯಾ ಏರ್‌ಪೋರ್ಟಿಗೆ ಅವನದ್ದೇ ಹೆಸರು. ಆ ಬೆಟ್ಟದ ಅಂಕುಡೊಂಕು ದಾರಿ ನಾನೊಬ್ನೇ ಅರ್ಧ ಹತ್ತಿ ನೀರು ಖಾಲಿಯಾಗಿ ವಾಪಸ್ ಬಂದೆ, ಮರ ಅನ್ನೋದೇ ಇಲ್ಲ.

ಆದ್ರೆ ಗ್ಲಿಕಾ ನೇರಾ ಬೀಚು ಬಿಡ್ಬೇಡಿ. ಹೆಸರಿಗೆ ಸಿಹಿನೀರು ಅಂತ ಅರ್ಥ. ಲೂತ್ರೋದಿಂದ ಸ್ಫಾಕ್ಯಾ ಕಡೆ ಒಂದು ಗಂಟೆ ನಡಿಗೆ, ನಾವು ಟ್ಯಾಕ್ಸಿ ಬೋಟಲ್ಲಿ ಹೋದ್ವಿ. ಸಮುದ್ರದ ದಡದಲ್ಲಿ, ಅಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಉರುಟು ಕಲ್ಲು ಕೈಯಲ್ಲಿ ಬಗೆದ್ರೆ ಒರತೆ ಬರತ್ತೆ, ಕುಡಿಯೋ ನೀರು! ಬೆಟ್ಟದೊಳಗಿಂದ ಇಳಿದ ನೀರು ಕಲ್ಲಿನ ಕೆಳಗೇ ಹರಿದು ಸಮುದ್ರ ಸೇರತ್ತೆ. ಈಜುವಾಗ್ಲೂ ಗೊತ್ತಾಗತ್ತೆ, ಬೆಚ್ಚಗಿನ ಉಪ್ಪುನೀರಲ್ಲಿ ಇದ್ದಕ್ಕಿದ್ದಂಗೆ ಐಸ್ ಥರ ಒಂದು ಪಟ್ಟೆ ಕಾಲಿಗೆ ತಾಗತ್ತೆ. ಅಮ್ಮ ಮತ್ತೆ ಮೊಮ್ಮಗಳು ಸೇರಿ ಗುಂಡಿ ತೋಡಿದ್ರು, ಮೊದಲ ನೀರು ಕದಡಿದ್ದು ಚೆಲ್ಲಿ, ತಿಳಿಯಾಗೋವರೆಗೂ ಕೂತು, ಬೊಗಸೇಲಿ ಎತ್ತಿ ಕುಡಿದ್ರು. ಬಾಟ್ಲಿ ನೀರಿಗಿಂತ ವಾಸಿ ಅನ್ನೋದು ಅವರ ತೀರ್ಪು. ಚಪ್ಪಲಿ ಹಾಕ್ಕೊಂಡೇ ನೀರಿಗಿಳೀರಿ, ಕಲ್ಲು ಚುಚ್ಚತ್ತೆ.

ಲೂತ್ರೋಗೆ ಬರೋರಲ್ಲಿ ಅರ್ಧ ಜನ ಒಂದು ದಿನಕ್ಕೆ ಬಂದು ಹೋಗೋರು. ಸಂಜೆ ಆಯಾ ರೂಮೆಲಿ ಅನ್ನೋ ಊರಿಂದ ಬೋಟು ಬರತ್ತೆ, ಸಮಾರಿಯಾ ಕಣಿವೆ ಪೂರ್ತಿ ನಡೆದು ಸುಸ್ತಾದವ್ರು ಡೆಕ್ ತುಂಬಾ ಬೂಟು ಬಿಚ್ಚಿ ಕೂತಿರ್ತಾರೆ, ಆ ಬೋಟು ಹೋದ ಮೇಲೇ ಊರು ನಿಮ್ಮದು. ಒಂದು ದಿನದ ಟ್ರಿಪ್ ಮಾಡಿ ಏನೂ ಇಲ್ಲ ಅಂತ ರಿವ್ಯೂ ಬರೆದಿರೋರಿಗೆ ಸಿಕ್ಕದೇ ಇದ್ದಿದ್ದು ಅದೇ.

ರಸ್ತೆ ಇಲ್ದಿರೋದು ಎಷ್ಟು ಚೆಂದ ಅಂತ ನಾನೂ ನನ್ ಹೆಂಡ್ತಿನೂ ಮೂರು ದಿನ ಹಾಡಿದ್ದೇ ಹಾಡು. ಅಮ್ಮ ಮಾತ್ರ ಫೋನಿನ ಟ್ರಾನ್ಸ್‌ಲೇಟ್ ಹಿಡ್ಕೊಂಡು ಆ ತವೆರ್ನಾ ಹೆಂಗಸನ್ನ ಕೇಳಿದ್ದು, ಚಳಿಗಾಲದಲ್ಲಿ ಎಲ್ಲಿರ್ತೀರಿ, ಮಕ್ಕಳು ಎಲ್ಲಿ ಓದ್ತಾರೆ, ರಾತ್ರಿ ಹೊತ್ತು ಹೆರಿಗೆ ನೋವು ಬಂದ್ರೆ ಏನು ಮಾಡ್ತೀರಿ ಅಂತ. ಮಕ್ಕಳು ಹನ್ಯಾದಲ್ಲಿ, ಸೀಸನ್ ಮುಗಿದ್ರೆ ತಾನೂ ಅಲ್ಲಿಗೇ ಹೋಗೋದು, ಇಲ್ಲಿ ಆಗ ಉಳಿಯೋದು ಬೆರಳೆಣಿಕೆ ಜನ ಅಂತ ಉತ್ತರ ಬಂತು. "ನೋಡ್ದಾ, ನಾಲ್ಕು ದಿನಕ್ಕೆ ಬಂದೋರಿಗೆ ಲಾಂಚು ಚೆಂದ" ಅಂದ್ರು ಅಮ್ಮ. ನಾನು ಕಾಫಿ ಕುಡಿಯೋದ್ರಲ್ಲಿ ಬಿಝಿ ಆದೆ.

ಆ ಮಾತಿನ ಬಿಸಿ ಆರೋ ಮೊದ್ಲೇ, ಹೊರಡೋ ದಿನ ಬೆಳಿಗ್ಗೆ ಗಾಳಿ ಶುರುವಾಯ್ತು. ಒಂಬತ್ತೂವರೆ ಬೋಟ್ ಇಲ್ಲ. ಮಧ್ಯಾಹ್ನದ್ದು ನೋಡೋಣ ಅಂದ್ರು. ತಮಾಷೆ ಏನಂದ್ರೆ ನಮ್ಮ ಕೊಲ್ಲಿಯೊಳಗೆ ನೀರು ತಟ್ಟೇಲಿ ಹಾಲಿಟ್ಟಂಗೆ, ಹೊರಗೆ ನೋಡಿದ್ರೆ ಬಿಳಿ ನೊರೆ. ಈ ಜಾಗ ಹಳೇ ಕಾಲದಿಂದ್ಲೂ ಹಡಗುಗಳು ಚಳಿಗಾಲ ಕಳೆಯೋ ಬಂದರು, ಆಗ ಫೀನಿಕ್ಸ್ ಅಂತಿದ್ರು. ಬೈಬಲ್ಲಲ್ಲೇ ಬರತ್ತೆ, ಪೌಲನನ್ನ ಕೈದಿಯಾಗಿ ರೋಮಿಗೆ ಕರ್ಕೊಂಡು ಹೋಗ್ತಿದ್ದ ಹಡಗು ಫೀನಿಕ್ಸ್ ಸೇರ್ಕೊಳ್ಳೋಣ ಅಂತ ಹೊರಟು, ಬೆಟ್ಟದ ಕಡೆಯಿಂದ ಗಾಳಿ ಬಡಿದು, ಸೀದಾ ಮಾಲ್ಟಾ ಹತ್ರ ಹೋಗಿ ಒಡೀತು. ಅವರಿಗೆ ಬರಕ್ಕಾಗ್ಲಿಲ್ಲ, ನಮಗೆ ಹೋಗಕ್ಕಾಗ್ಲಿಲ್ಲ. ಹನ್ಯಾದಲ್ಲಿ ಬುಕ್ ಮಾಡಿದ್ದ ರೂಮಿನ ದುಡ್ಡು ವಾಪಸ್ ಬರ್ಲಿಲ್ಲ, ಗಾಳಿಗೆ ನಾವೇನು ಮಾಡೋದು ಅಂದ್ರು. ಮಧ್ಯಾಹ್ನದ್ದೂ ಬರ್ಲಿಲ್ಲ, ಸಂಜೆ ಐದೂವರೆ ಮೇಲೆ ಬೋಟ್ ಬಂತು, ಬಸ್ ಹೋಗಿತ್ತು, ಟ್ಯಾಕ್ಸಿಗೆ 120 ಯೂರೋ ಬಿತ್ತು. ಫ್ಲೈಟ್ ಮಾರನೇ ದಿನ ಇದ್ದಿದ್ದಕ್ಕೆ ಬಚಾವು. ನೀವು ಹೋದ್ರೆ ಫ್ಲೈಟಿಗೂ ಬೋಟಿಗೂ ಮಧ್ಯೆ ಒಂದು ರಾತ್ರಿ ಇಟ್ಕೊಳ್ಳಿ, ಅದೂ ಕ್ಯಾನ್ಸಲ್ ಮಾಡೋಕ್ಕಾಗೋ ರೂಮೇ ತಗೊಳ್ಳಿ.

ಆವತ್ತು ಇಡೀ ದಿನ ಜೆಟ್ಟಿ ಮೇಲೆ ನಾನು ಅತ್ತಿಂದಿತ್ತ ಓಡಾಡ್ತಿದ್ದೆ, ಅಮ್ಮ ಬ್ಯಾಗ್ ಮೇಲೆ ಕೂತು ಉಳಿದಿದ್ದ ಅವಲಕ್ಕಿಗೆ ಮೊಸರು ಹಾಕ್ಕೊಂಡು ತಿಂತಾ ಆರಾಮಾಗಿದ್ರು, ಲಾಂಚಿಗೆ ಕಾಯೋದು ಕಲ್ತವ್ರು. ಹಳೇ ರೂಮಿನವ್ರು ಮೆಸೇಜ್ ಹಾಕಿದ್ರು, ಮುಂದಿನ ಮೇ ತಿಂಗಳಿಗೆ ಹತ್ತು ಪರ್ಸೆಂಟ್ ಡಿಸ್ಕೌಂಟ್ ಅಂತೆ. ಕೆಳಗಿನ ರೂಮು ಅಂತ ಫೋಟೋ ಸಮೇತ ಕಳಿಸಿ ಅಂದಿದೀನಿ, ಇನ್ನೂ ರಿಪ್ಲೈ ಬಂದಿಲ್ಲ.