ದಢೂತಿ ಆಳಿಗೆ ಮೊದಲ ಬೈಕ್: ಹಿಮಾಲಯನ್ 450 ನನಗೆ ಯಾಕೆ ಹಿಡಿಸಿತು

ನನ್ನ ಎತ್ತರ ಆರಡಿ ಒಂದಿಂಚು, ತೂಕ 112 ಕಿಲೋ. ಹೆಲ್ಮೆಟ್ಟು, ಜಾಕೆಟ್ಟು, ಬೂಟು ಸೇರಿದರೆ 120ರ ಹತ್ತಿರ. ಬೈಕ್ ಕೊಳ್ಳುವ ಮುಂಚೆ ನಾನು ನೋಡಿದ ವಿಮರ್ಶೆಗಳಲ್ಲಿ ಹೆಚ್ಚಿನವರು ಸಣಕಲು ಹುಡುಗರೇ. ಅವರಿಗೆ ಹಿತ ಅನಿಸಿದ ಶಾಕ್ (ಗುಂಡಿಯ ಹೊಡೆತ ತಡೆಯುವ ಸ್ಪ್ರಿಂಗು) ನನ್ನ ಕೆಳಗೆ ತಳ ಮುಟ್ಟುತ್ತದೆ. ಅವರು ‘ಸೀಟು ಎತ್ತರ ಜಾಸ್ತಿ’ ಅಂದದ್ದು ನನಗೆ ಸರಿಯಾಗಿ ಹೊಂದುತ್ತದೆ. ಹಾಗಾಗಿ ನನ್ನಂಥ ಮೈಕಟ್ಟಿನವರಿಗೆ ಅಂತಲೇ ಈ ಬರಹ.

ಹೊಸಬರು ಅಂದ ಕೂಡಲೇ ಎಲ್ಲರೂ ಕ್ರೂಸರ್ (ತಗ್ಗು ಸೀಟಿನ, ಕಾಲು ಮುಂದೆ ಚಾಚಿ ಕೂರುವ ಬೈಕ್) ಕಡೆ ಕೈ ತೋರಿಸುತ್ತಾರೆ. ಕಾಲು ನೆಲಕ್ಕೆ ಸಿಗಬೇಕು, ಅದಕ್ಕೆ ಸೀಟು ತಗ್ಗಿರಬೇಕು ಅನ್ನೋದು ಲೆಕ್ಕ. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರ ಸೀಟು 765 ಮಿ.ಮೀ. ಎತ್ತರ. ಹೋಂಡಾ ರೆಬೆಲ್ 500 ಇನ್ನೂ ತಗ್ಗು, 690. ಕುಳ್ಳಗಿರುವವರಿಗೆ ಇದು ನಿಜಕ್ಕೂ ಒಳ್ಳೆಯದು. ಆದರೆ ಉದ್ದ ಕಾಲಿನವರಿಗೆ ನೆಲ ಸಿಗುವುದು ಯಾವತ್ತೂ ಸಮಸ್ಯೆಯೇ ಅಲ್ಲ. ಬೈಕ್ ಓಡುವಾಗ ಕಾಲು ನೆಲದ ಮೇಲೆ ಇರಲ್ಲ, ಫುಟ್‌ಪೆಗ್ ಮೇಲಿರುತ್ತದೆ ಅಲ್ವಾ? ನೋಡಬೇಕಾದದ್ದು ಸೀಟಿನಿಂದ ಪೆಗ್‌ಗೆ ಎಷ್ಟು ದೂರ, ಸೀಟಿನಿಂದ ಹ್ಯಾಂಡಲ್‌ಗೆ ಎಷ್ಟು ದೂರ ಅನ್ನೋದನ್ನು.

ಕ್ರೂಸರ್‌ನಲ್ಲಿ ಪೆಗ್ ಮುಂದಿರುವುದರಿಂದ ಮಂಡಿಗೆ ಜಾಗವೇನೋ ಸಿಗುತ್ತದೆ. ಆದರೆ ಮೈಭಾರ ಪೂರ್ತಿ ಸೊಂಟದ ಕೆಳಗೇ ಕೂರುತ್ತದೆ. ಗುಂಡಿ ಬಂದಾಗ ಪೆಗ್ ಮೇಲೆ ಭಾರ ಹಾಕಿ ಸ್ವಲ್ಪ ಏಳೋಣ ಅಂದರೆ, ಕಾಲು ಮುಂದೆ ಚಾಚಿರುವುದರಿಂದ ಸುಲಭವಾಗಿ ಏಳಲು ಆಗಲ್ಲ. 70 ಕಿಲೋ ಆಳಿಗೆ ಇದು ಸಣ್ಣ ವಿಷಯ ಇರಬಹುದು. 112 ಕಿಲೋಗೆ ಬೆನ್ನೇ ಶಾಕ್ ಅಬ್ಸಾರ್ಬರ್ ಆಗುತ್ತದೆ.

ರಾಯಲ್ ಎನ್‌ಫೀಲ್ಡ್ 2023ರ ಕೊನೆಗೆ ತಂದ ಹಿಮಾಲಯನ್ 450ರಲ್ಲಿ ಪೆಗ್ ಸೊಂಟದ ಕೆಳಗೇ ಇದೆ, ಹ್ಯಾಂಡಲ್ ಅಗಲ. ಸೀಟನ್ನು 825 ಅಥವಾ 845 ಮಿ.ಮೀ. ಎತ್ತರಕ್ಕೆ ಹೊಂದಿಸಬಹುದು. ನಾನು 845ಕ್ಕೆ ಇಟ್ಟಿದ್ದೇನೆ. ಬರೀ 20 ಮಿ.ಮೀ. ವ್ಯತ್ಯಾಸ, ಆದರೆ ಮಂಡಿ ಮಡಚುವ ಕೋನ ಎಷ್ಟು ಬದಲಾಗುತ್ತದೆ ಅಂತ ಕೂತು ನೋಡಿದರೇ ಗೊತ್ತಾಗೋದು. ಉಬ್ಬು ಬಂದಾಗ ಸುಮ್ನೆ ಎದ್ದು ನಿಂತರಾಯಿತು.

ಹೊಸಬರಿಗೆ 452 ಸಿಸಿ ಹೆಚ್ಚಾಯಿತು ಅನ್ನುವವರಿದ್ದಾರೆ. ಸಿಸಿ ಒಂದನ್ನೇ ನೋಡಿದರೆ ಹಾಗನ್ನಿಸುತ್ತದೆ. ಬೈಕ್ 196 ಕಿಲೋ, ನಾನು 120, ಒಟ್ಟು 316 ಕಿಲೋ ಎಳೆಯೋಕೆ 40 ಪಿಎಸ್ (ಎಂಜಿನ್ ಶಕ್ತಿಯ ಅಳತೆ). ಮೀಟಿಯರ್‌ನಲ್ಲಿ ಹೆಚ್ಚೂಕಡಿಮೆ ಅಷ್ಟೇ ಭಾರಕ್ಕೆ 20 ಪಿಎಸ್ ಸಿಗುತ್ತದೆ. ಸಪೂರ ಆಳಿಗೆ 20 ಧಾರಾಳ ಸಾಕು. ನನಗೆ ಏರಿನಲ್ಲಿ, ಓವರ್‌ಟೇಕ್‌ನಲ್ಲಿ ಕೈಯಲ್ಲಿ ಸ್ವಲ್ಪ ಉಳಿದಿರಬೇಕು. ಹೆದರಿಕೆ ಇದ್ದವರಿಗೆ ಇಕೋ ಮೋಡ್ ಇದೆ, ಥ್ರಾಟಲ್ ಮೆತ್ತಗಾಗುತ್ತದೆ. ಮೊದಮೊದಲು ನಾನೂ ಅದರಲ್ಲೇ ಓಡಿಸಿದ್ದು.

ಈಗ ಯಾರೂ ಹೇಳದ ಶಾಕ್ ವಿಷಯ. ನಾವು ಕೂತಾಗ ಹಿಂದಿನ ಶಾಕ್ ಒಂದಿಷ್ಟು ಇಳಿಯುತ್ತದೆ, ಇಳಿಯಲೇಬೇಕು. ಒಟ್ಟು ಆಟದ (ಚಕ್ರ ಮೇಲೆ ಕೆಳಗೆ ಚಲಿಸುವ ದೂರದ) ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಳಿದರೆ ಸರಿ. ಈ ಬೈಕಿನಲ್ಲಿ ಹಿಂದಿನ ಚಕ್ರದ ಆಟ 200 ಮಿ.ಮೀ., ಅಂದರೆ 50ರಿಂದ 65ರ ಒಳಗೆ ಇಳಿಯಬೇಕು. ನನ್ನ ಭಾರಕ್ಕೆ ಅದಕ್ಕಿಂತ ಜಾಸ್ತಿಯೇ ಇಳಿಯಿತು. ಅಳೆಯೋಕೆ ಟೇಪು, ಬೈಕ್ ಹಿಡಿಯಲು ಒಬ್ಬರು, ಓದಲು ಒಬ್ಬರು ಇದ್ದರೆ ಸಾಕು. ಪ್ರೀಲೋಡ್ (ಶಾಕಿನ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿದೆ ಅನ್ನೋದು) ಬಿಗಿ ಮಾಡಿದೆ, ಹಿಂಭಾಗ ಎದ್ದಿತು. ಪ್ರೀಲೋಡ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಬೈಕ್ ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಪೂರ್ತಿ ಬಿಗಿ ಮಾಡಿದ ಮೇಲೂ ತಳ ಬಡಿಯುತ್ತಿದ್ದರೆ ಗಟ್ಟಿ ಸ್ಪ್ರಿಂಗೇ ಹಾಕಿಸಬೇಕು. ನನಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಹಿಂಭಾಗ ಕುಸಿದರೆ ಇನ್ನೊಂದು ತೊಂದರೆ ಇದೆ. ಹೆಡ್‌ಲೈಟ್ ಮೇಲಕ್ಕೆ ನೋಡುತ್ತದೆ. ಎದುರಿನವರ ಕಣ್ಣು ಕುಕ್ಕುತ್ತದೆ, ನಮಗೆ ರಸ್ತೆ ಕಾಣಲ್ಲ. ಪ್ರೀಲೋಡ್ ಸರಿಮಾಡಿ, ಹೆಲ್ಮೆಟ್ಟು, ಜಾಕೆಟ್ಟು, ಬೂಟು ಎಲ್ಲಾ ಹಾಕಿ ಕೂತು, ಆಮೇಲೆ ಲೈಟ್ ಹೊಂದಿಸಿಕೊಳ್ಳಿ. ಚೈನಿನ ಸಡಿಲವನ್ನೂ ಆಗಲೇ ನೋಡಿಬಿಡಿ.

ಭಾರದ ಮಿತಿ ಅಂತ ಒಂದಿರುತ್ತದೆ. ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುವ ಒಟ್ಟು ತೂಕದಲ್ಲಿ ಬೈಕಿನ ತೂಕ ಕಳೆದರೆ ಉಳಿದದ್ದು ನಮಗೆ, ಹಿಂದೆ ಕೂರುವವರಿಗೆ, ಬ್ಯಾಗಿಗೆ. ಟೈರಿನ ಮೇಲೂ ಸಂಖ್ಯೆ ಇರುತ್ತದೆ. ಅಳತೆಯ ಪಕ್ಕದಲ್ಲಿ 62 ಅಂತಿದ್ದರೆ ಆ ಟೈರ್ 265 ಕಿಲೋ ಹೊರುತ್ತದೆ, 69 ಅಂದರೆ 325. ಗಾಳಿ ಸರಿಯಾಗಿದ್ದರೆ ಮಾತ್ರ ಆ ಲೆಕ್ಕ. ಇಬ್ಬರು ದಪ್ಪಗಿರುವವರು ಸಾಮಾನು ಕಟ್ಟಿಕೊಂಡು ಹೊರಡುವುದಾದರೆ ಇದನ್ನು ಮೊದಲು ಕೂಡಿಸಿ ನೋಡಿ.

ಹಿಡಿಸದ್ದೂ ಇದೆ. 17 ಲೀಟರ್ ಟ್ಯಾಂಕ್ ತುಂಬಿದಾಗ ಭಾರವೆಲ್ಲ ಮೇಲೆ. ನಿಧಾನಕ್ಕೆ ತಿರುಗಿಸುವಾಗ ಬೈಕ್ ಒಂದು ಹಂತ ಮೀರಿ ವಾಲಿದರೆ ನನ್ನ ಕಾಲೂ ತಡೆಯದು. ಹಾಫ್ ಕ್ಲಚ್ (ಕ್ಲಚ್ ಅರ್ಧ ಬಿಟ್ಟು ಓಡಿಸುವುದು), ಹಿಂದಿನ ಬ್ರೇಕು ಎರಡನ್ನೂ ಖಾಲಿ ಮೈದಾನದಲ್ಲಿ ಚೆನ್ನಾಗಿ ಕಲಿಯಿರಿ. ಇನ್ನು ಗಾಳಿ. ನನ್ನ ಎತ್ತರಕ್ಕೆ ವಿಂಡ್‌ಸ್ಕ್ರೀನ್ ದಾಟಿದ ಗಾಳಿ ನೇರ ಹೆಲ್ಮೆಟ್ಟಿಗೇ ಬಡಿಯುತ್ತದೆ. ಇಯರ್‌ಪ್ಲಗ್ ಇಲ್ಲದೆ ನಾನು ಹೈವೇ ಹತ್ತಲ್ಲ. ಐದೂವರೆ ಅಡಿಗಿಂತ ಕಡಿಮೆ ಇರುವವರಿಗೆ ಮೊದಲ ಬೈಕ್ ಅಂತ ನಾನಂತೂ ಇದನ್ನು ಹೇಳಲ್ಲ. ಅವರಿಗೆ ಮೀಟಿಯರೇ ಸರಿ.

ಶೋರೂಮಿಗೆ ಹೋಗುವಾಗ ಓಡಿಸುವಾಗ ಹಾಕುವ ಬೂಟನ್ನೇ ಹಾಕಿಕೊಂಡು ಹೋಗಿ. ಗೇರ್ ಲಿವರ್ ಕೆಳಗೆ ದೊಡ್ಡ ಪಾದ ಹಿಡಿಸುತ್ತದಾ ನೋಡಿ. ಮಾರುವವನು ಮಾತಾಡುತ್ತಿರಲಿ, ಬೈಕ್ ಮೇಲೆ ಕೂತು ಹತ್ತು ನಿಮಿಷ ಇಳಿಯಬೇಡಿ. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ. ಮಂಡಿಗೂ ತಾಗಬಾರದು, ಹೊಟ್ಟೆಗೂ ತಾಗಬಾರದು.