ಓಆರ್‌ಎಸ್ ಪುಡಿಯ ಪ್ಯಾಕೆಟ್: ಕರುಳಿನ ನಂಜಿನೆದುರು ಎಷ್ಟು ಭರವಸೆ?

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾದ, ಒಂದು ಲೀಟರ್ ನೀರಿಗೆ ಬೆರೆಸುವ ಓಆರ್‌ಎಸ್ ಪುಡಿ ನಮ್ಮ ಮನೆಯಲ್ಲಿ ಸದಾ ಇರುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಬೇರೆ ಬೇರೆ ಕಂಪನಿಗಳ ಪ್ಯಾಕೆಟ್ಟುಗಳನ್ನೂ, ಆಶಾ ಕಾರ್ಯಕರ್ತೆಯರು ಕೊಡುವ ಸರ್ಕಾರಿ ಪ್ಯಾಕೆಟ್ಟನ್ನೂ ಬಳಸಿ ನೋಡಿದ ಮೇಲೆ ಹೇಳುವುದಾದರೆ, ವಾಂತಿ-ಭೇದಿಗೆಂದು ಮನೆಯಲ್ಲಿ ಇಟ್ಟುಕೊಳ್ಳಬಹುದಾದ ವಸ್ತುಗಳಲ್ಲಿ ಇದಕ್ಕೆ ಸರಿಸಾಟಿ ಇಲ್ಲ. ಆದರೆ ಭೇದಿಯನ್ನು ತಕ್ಷಣ ನಿಲ್ಲಿಸುವ ಮದ್ದು ಎಂದು ಕೊಂಡವರಿಗೆ ನಿರಾಸೆಯಾಗುತ್ತದೆ. ಇದು ಮಾಡುವ ಕೆಲಸವೇ ಬೇರೆ: ಕಳೆದುಹೋದ ನೀರು, ಲವಣಗಳನ್ನು ದೇಹಕ್ಕೆ ಮರಳಿಸುವುದು.

ಆ ಕೆಲಸ ಹೇಗೆ ನಡೆಯುತ್ತದೆಂದು ಅರಿಯಲು ಕಾಲರಾದ ನಂಜನ್ನು ನೋಡಿದರೆ ಸಾಕು. ಕಾಲರಾ ಬ್ಯಾಕ್ಟೀರಿಯಾ ಕರುಳಿನ ಗೋಡೆಯನ್ನು ಕೊರೆಯುವುದಿಲ್ಲ, ರಕ್ತಕ್ಕೆ ನುಗ್ಗುವುದೂ ಇಲ್ಲ. ಸಣ್ಣ ಕರುಳಿನ ಒಳಮೈಗೆ ಅಂಟಿಕೊಂಡು ನಂಜನ್ನು ಸುರಿಸುತ್ತದೆ, ಅಷ್ಟೆ. ಆ ನಂಜಿನಲ್ಲಿ ಎ, ಬಿ ಎಂಬ ಎರಡು ಬಗೆಯ ಭಾಗಗಳಿವೆ. ಐದು ಬಿ ಘಟಕಗಳು ಜೀವಕೋಶದ ಮೇಲಿರುವ ಜಿಎಂ1 ಎಂಬ ಅಣುವನ್ನು ಹಿಡಿದುಕೊಳ್ಳುತ್ತವೆ; ಎ ಘಟಕ ಒಳಹೊಕ್ಕು, ಆಗಾಗ ಮಾತ್ರ ಚಾಲೂ ಆಗಬೇಕಾದ ಒಂದು ಪ್ರೋಟೀನು ಮತ್ತೆ ಆರದಂತೆ ಮಾಡಿಬಿಡುತ್ತದೆ. ಇದರಿಂದ ಜೀವಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣು ಮಿತಿಮೀರಿ ಹೆಚ್ಚಿ, ಕ್ಲೋರೈಡ್ ಕರುಳಿನೊಳಕ್ಕೆ ಹರಿಯತೊಡಗುತ್ತದೆ. ಸೋಡಿಯಂ ಮತ್ತು ನೀರು ಅದರ ಹಿಂದೆಯೇ ಬರುತ್ತವೆ. ರೋಗ ತೀವ್ರವಾದಾಗ ಅಕ್ಕಿ ತೊಳೆದ ನೀರಿನಂಥ ಭೇದಿಯಲ್ಲಿ ಗಂಟೆಗೆ ಒಂದು ಲೀಟರ್‌ವರೆಗೆ ನೀರು ಹೋಗಬಹುದು. ಈ ಅನಾಹುತಕ್ಕೆ ನಂಜೇ ಕಾರಣ ಎಂಬುದನ್ನು 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತಾದ ಶಂಭುನಾಥ ಡೇ. ಬ್ಯಾಕ್ಟೀರಿಯಾವನ್ನು ಸಂಪೂರ್ಣ ಸೋಸಿ ತೆಗೆದ ದ್ರವವನ್ನಷ್ಟೇ ಮೊಲದ ಕರುಳಿನ ಕಟ್ಟಿದ ಭಾಗಕ್ಕೆ ಹಾಕಿದಾಗಲೂ ಅಲ್ಲಿ ನೀರು ತುಂಬಿಕೊಂಡಿತು.

ಇಷ್ಟೆಲ್ಲ ಕೆಡಿಸಿದರೂ ಈ ನಂಜು ಒಂದು ದಾರಿಯನ್ನು ಮುಟ್ಟುವುದಿಲ್ಲ: ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದರೆ ಎರಡನ್ನೂ ಒಳಗೆ ಸೆಳೆದುಕೊಳ್ಳುವ ವ್ಯವಸ್ಥೆ ಹಾಗೇ ಉಳಿದಿರುತ್ತದೆ, ಅವುಗಳೊಂದಿಗೆ ನೀರೂ ದೇಹ ಸೇರುತ್ತದೆ. ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಎಂಬ ಈಗಿನ ಸೂತ್ರ ನಿಂತಿರುವುದು ಇದರ ಮೇಲೆಯೇ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಬಾಟಲಿಗಳು ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಇಂಥದೇ ಮಿಶ್ರಣವನ್ನು ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 3.6ಕ್ಕೆ ಇಳಿಯಿತು. ಇಂಥ ಹಿನ್ನೆಲೆಯ ವಸ್ತು ಇಂದಿಗೂ ಒಂದು ಎಳನೀರಿಗಿಂತ ಕಡಿಮೆ ಬೆಲೆಗೆ ಸಿಗುತ್ತಿದೆಯೆಂಬುದು ನನಗೆ ನಿಜಕ್ಕೂ ದೊಡ್ಡ ವಿಷಯ.

ದೂರು ಇರುವುದು ಪ್ಯಾಕೆಟ್ಟಿನ ಮೇಲಿನ ಬರಹದ ಬಗ್ಗೆ. ನಾನು ಕೊಂಡ ಹಲವು ಪ್ಯಾಕೆಟ್ಟುಗಳಲ್ಲಿ ನೀರಿನ ಅಳತೆ ಇಂಗ್ಲಿಷಿನಲ್ಲಿ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದಷ್ಟು ಚಿಕ್ಕದಾಗಿತ್ತು. ಎಲ್ಲಕ್ಕಿಂತ ಮುಖ್ಯವಾದ ಸೂಚನೆಯೇ ಕಾಣದಿದ್ದರೆ ಜನ ಒಂದು ಲೋಟ ನೀರಿಗೆ ಎರಡು ಚಮಚ ಪುಡಿ ಹಾಕಿ ಉಳಿದದ್ದನ್ನು ಮಡಿಚಿಡುತ್ತಾರೆ. ಹೀಗೆ ಅಂದಾಜಿನಲ್ಲಿ ಬೆರೆಸಿ ಉಪ್ಪು ಹೆಚ್ಚಾದರೆ, ವಿಶೇಷವಾಗಿ ಎಳೆಯ ಮಕ್ಕಳಿಗೆ, ಅಪಾಯ. ಇಡೀ ಪ್ಯಾಕೆಟ್ಟನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಮ್ಮೆಲೇ ಸುರಿದು, ತಳದಲ್ಲಿ ಹರಳು ಉಳಿಯದಂತೆ ಕಲಕಿ, 24 ಗಂಟೆಯೊಳಗೆ ಬಳಸಿ ಉಳಿದದ್ದನ್ನು ಚೆಲ್ಲಬೇಕು. ಅಷ್ಟು ಬೇಡದವರಿಗೆ 200 ಮಿಲಿಲೀಟರ್ ನೀರಿಗೆ ಬೆರೆಸುವ ಸಣ್ಣ ಪ್ಯಾಕೆಟ್ ಒಳ್ಳೆಯದು. ರುಚಿ ಸಪ್ಪೆ-ಉಪ್ಪು, ಮಕ್ಕಳು ಮುಖ ಸಿಂಡರಿಸುತ್ತಾರೆ. ಹಾಗೆಂದು ಮೇಲಿಂದ ಸಕ್ಕರೆ ಹಾಕುವಂತಿಲ್ಲ, ಏಕೆಂದರೆ ಹೆಚ್ಚಿನ ಸಕ್ಕರೆ ನೀರನ್ನು ಮರಳಿ ಕರುಳಿಗೇ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಓಆರ್‌ಎಸ್ ಹೆಸರು ಹೊತ್ತು ಮಾರಾಟವಾಗುತ್ತಿದ್ದ ಸಿಹಿ ಪಾನೀಯಗಳ ದೋಷವೂ ಇದೇ. ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರನ್ನು ಬಳಸದಂತೆ 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆದೇಶಿಸಿದ್ದು ಸರಿಯಾಗಿಯೇ ಇತ್ತು.

ಎಲ್ಲ ನಂಜುಗಳೂ ಕಾಲರಾದ ದಾರಿ ಹಿಡಿಯುವುದಿಲ್ಲ. ಹೊರಗೆ ಉಳಿದ ಅನ್ನ, ಸಿಹಿತಿಂಡಿಗಳಲ್ಲಿ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬಿಟ್ಟ ನಂಜು ಮತ್ತೆ ಕುದಿಸಿದರೂ ನಾಶವಾಗದು. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ. ಆಗ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕುಡಿಸಿದರೆ ಓಆರ್‌ಎಸ್ ಹೊಟ್ಟೆಯಲ್ಲಿ ನಿಲ್ಲುತ್ತದೆ. ರಕ್ತಭೇದಿ ತರುವ ಕೆಲವು ಬ್ಯಾಕ್ಟೀರಿಯಾಗಳು ಬಿಡುವ ಶಿಗಾ ನಂಜಿನ ಮಾತು ಬೇರೆ: ಅದು ಜೀವಕೋಶಗಳ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸಿ ಕೊಲ್ಲುತ್ತದೆ, ಕೆಲವೊಮ್ಮೆ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಮಲದಲ್ಲಿ ರಕ್ತ ಕಂಡರೆ, ಮೂತ್ರ ನಿಂತರೆ, ಕಣ್ಣು ಗುಳಿಬಿದ್ದು ಮಗು ಮಂಕಾದರೆ ಪುಡಿಯನ್ನೇ ನಂಬಿ ಕೂರದೆ, ದಾರಿಯುದ್ದಕ್ಕೂ ಕುಡಿಸುತ್ತಾ ಆಸ್ಪತ್ರೆಗೆ ಓಡಬೇಕು.

ಕೊಳ್ಳುವವರು ಬ್ರ್ಯಾಂಡ್ ನೋಡುವ ಅಗತ್ಯವಿಲ್ಲ. ಮೇಲೆ ಹೇಳಿದ ನಾಲ್ಕು ಅಂಶಗಳ ಪ್ರಮಾಣ, ಮುಗಿಯುವ ದಿನಾಂಕ, ಒಳಗಿನ ಪುಡಿ ಗಟ್ಟಿಯಾಗಿಲ್ಲದಿರುವುದು, ಇಷ್ಟನ್ನು ಪರೀಕ್ಷಿಸಿ ಎರಡು ಪ್ಯಾಕೆಟ್ ತಂದಿಡಿ. ಮಕ್ಕಳಿರುವ ಮನೆಯವರು ವೈದ್ಯರನ್ನು ಕೇಳಿ ಸತುವಿನ (ಜಿಂಕ್) ಮಾತ್ರೆಯನ್ನೂ ಜೊತೆಗೆ ಪಡೆಯಿರಿ.