ಒಮ್ಮೆ ಬಿಟ್ಟಿಯಾಗಿ ಇಳಿಸಿಕೊಂಡ ಆಲ್ಬಂ ಅನ್ನು ಮತ್ತೆ ಕೊಂಡಾಗ: ಬ್ಯಾಂಡ್‌ಕ್ಯಾಂಪ್ ಕುರಿತು ಒಬ್ಬ ಕೇಳುಗನ ಅಭಿಪ್ರಾಯ

ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದಾಗ ಕನ್ನಡ ಸುಗಮ ಸಂಗೀತಕ್ಕೆ ಮೊದಲ ಧ್ವನಿಸುರುಳಿ ದೊರಕಿತು. ಅಲ್ಲಿಂದ ಮುಂದಿನ ಎರಡು ದಶಕಗಳಲ್ಲಿ ನನ್ನ ತಂದೆ ಕೊಂಡು ತಂದ ಭಾವಗೀತೆಗಳ ಕ್ಯಾಸೆಟ್ಟುಗಳು ಒಂದು ಮರದ ಪೆಟ್ಟಿಗೆ ತುಂಬುವಷ್ಟಿದ್ದವು. ಹೊಸ ಕ್ಯಾಸೆಟ್ ಬಂದ ದಿನ ಡಬ್ಬಿಯೊಳಗೆ ಮಡಿಸಿಟ್ಟ ಕಾಗದವನ್ನು ಬಿಡಿಸಿ, ಕವಿ ಯಾರು, ಹಾಡಿದವರು ಯಾರು, ತಬಲಾ ಮತ್ತು ಕೊಳಲು ನುಡಿಸಿದವರು ಯಾರು ಎಂದು ಗಟ್ಟಿಯಾಗಿ ಓದಿ ಹೇಳುವುದು ನನ್ನ ಪಾಲಿನ ಕೆಲಸವಾಗಿತ್ತು.

ಕೆಲಸಕ್ಕೆ ಸೇರಿ ಸ್ವಂತ ಕಂಪ್ಯೂಟರ್ ಕೊಂಡ ಮೇಲೆ ನಾನು ಹಾಡು ಕೊಳ್ಳುವುದನ್ನೇ ಬಿಟ್ಟೆ. ಉಚಿತವಾಗಿ ಎಂಪಿ3 ಕೊಡುವ ಜಾಲತಾಣಗಳು ಆಗ ಹೇರಳವಾಗಿದ್ದವು, ಮತ್ತು ಕೆಲವೇ ತಿಂಗಳಲ್ಲಿ ನನ್ನ ಹಾರ್ಡ್ ಡಿಸ್ಕಿನಲ್ಲಿ ಮೂರು ಸಾವಿರ ಹಾಡುಗಳು ಸೇರಿದವು. ಅವುಗಳ ಸ್ಥಿತಿ ಹೇಗಿತ್ತೆಂದರೆ, ಗಾಯಕರ ಹೆಸರಿರಬೇಕಾದ ಜಾಗದಲ್ಲಿ ಆ ಜಾಲತಾಣದ ವಿಳಾಸವಿರುತ್ತಿತ್ತು, ಬೇಂದ್ರೆಯವರ ಕವಿತೆಯ ಮೇಲೆ ಕುವೆಂಪು ಅವರ ಹೆಸರಿರುತ್ತಿತ್ತು, ಅರ್ಧಕ್ಕರ್ಧ ಹಾಡುಗಳಿಗೆ ‘ಟ್ರ್ಯಾಕ್ 04’ ಎಂಬುದಕ್ಕಿಂತ ಹೆಚ್ಚಿನ ಗುರುತೇ ಇರಲಿಲ್ಲ. ಅಂಥದೊಂದು ತಾಣದಿಂದ ಹಾಡಿನ ಜೊತೆಗೆ ಬಂದ ವೈರಸ್ಸಿನಿಂದಾಗಿ ಒಮ್ಮೆ ಇಡೀ ಕಂಪ್ಯೂಟರನ್ನು ಅಳಿಸಿ ಮೊದಲಿನಿಂದ ಸಿದ್ಧಪಡಿಸಬೇಕಾಯಿತು. ಆ ಮೂರು ಸಾವಿರದಲ್ಲಿ ಬೆಂಗಳೂರಿನ ಕೊಳಲು ವಾದಕರೊಬ್ಬರ ಆಲ್ಬಂ ಕೂಡ ಇತ್ತು. ವರ್ಷಗಟ್ಟಲೆ ಅದನ್ನು ಕೇಳಿ ಸಂತೋಷಪಟ್ಟ ನನಗೆ ಅದರ ಮೃದಂಗ ಯಾರದೆಂದು ತಿಳಿದಿರಲಿಲ್ಲ.

ಕಳೆದ ವರ್ಷ ಅದೇ ಆಲ್ಬಂ ಬ್ಯಾಂಡ್‌ಕ್ಯಾಂಪ್‌ನಲ್ಲಿ, ಕಲಾವಿದರದ್ದೇ ಪುಟದಲ್ಲಿ ಮಾರಾಟಕ್ಕಿರುವುದನ್ನು ಕಂಡು, ಇಷ್ಟು ದಿನದ ಋಣ ತೀರಲಿ ಎಂದು ಕೊಂಡೆ. ಈ ಬರಹ ಆ ಸೇವೆಯ ಕುರಿತದ್ದು.

ಬ್ಯಾಂಡ್‌ಕ್ಯಾಂಪ್ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ ಆರಂಭವಾದ ಆನ್‌ಲೈನ್ ಸಂಗೀತ ಅಂಗಡಿ. ಇಲ್ಲಿ ಕಲಾವಿದರೇ ಪುಟ ತೆರೆದು, ತಾವೇ ಬೆಲೆ ಗೊತ್ತುಮಾಡಿ, ಹಾಡುಗಳನ್ನು ಮಾರುತ್ತಾರೆ. ಕೊಳ್ಳುವವರು ಇಷ್ಟವಿದ್ದರೆ ಆ ಬೆಲೆಗಿಂತ ಹೆಚ್ಚು ಕೊಡಬಹುದು. ಕೆಲವರು ‘ನಿಮಗೆ ತೋಚಿದಷ್ಟು ಕೊಡಿ’ ಎಂದು ಸೊನ್ನೆಯಿಂದಲೇ ಆರಂಭಿಸುವುದೂ ಉಂಟು. ಡಿಜಿಟಲ್ ಮಾರಾಟದಲ್ಲಿ ಕಂಪನಿಯ ಪಾಲು ಶೇ. 15, ಸಿಡಿ ಅಥವಾ ಎಲ್‌ಪಿಯಂಥ ವಸ್ತುಗಳ ಮಾರಾಟದಲ್ಲಿ ಶೇ. 10. ಹಣ ಪಾವತಿಯ ಶುಲ್ಕವನ್ನೂ ಕಳೆದ ಮೇಲೆ ಸರಾಸರಿ ಶೇ. 82ರಷ್ಟು ಕಲಾವಿದರಿಗೆ ಅಥವಾ ಅವರ ಲೇಬಲ್ಲಿಗೆ (ಆಲ್ಬಂ ಹೊರತರುವ ಸಂಸ್ಥೆಗೆ) ತಲುಪುತ್ತದೆಂದು ಕಂಪನಿಯೇ ಹೇಳಿಕೊಂಡಿದೆ. ಕೋವಿಡ್‌ನಿಂದ ಕಛೇರಿಗಳೆಲ್ಲ ನಿಂತುಹೋದ 2020ರ ಮಾರ್ಚಿನಲ್ಲಿ ಒಂದು ಶುಕ್ರವಾರ ಕಂಪನಿ ತನ್ನ ಪಾಲನ್ನು ಪೂರ್ತಿ ಬಿಟ್ಟುಕೊಟ್ಟಿತು. ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ಎಂಬ ಹೆಸರಿನಲ್ಲಿ ಆ ಪದ್ಧತಿ ಆಮೇಲೂ ವರ್ಷದ ಕೆಲವು ಶುಕ್ರವಾರಗಳಂದು ಮುಂದುವರಿಯಿತು.

ನಾನು ಕೊಂಡ ಆಲ್ಬಂನ ಬೆಲೆ ಏಳು ಡಾಲರ್ ಇತ್ತು, ಹತ್ತು ಕೊಟ್ಟೆ. ಹಣ ಸಂದ ಕೂಡಲೇ ಯಾವ ರೂಪದಲ್ಲಿ ಬೇಕೆಂದು ಆಯ್ದುಕೊಳ್ಳುವ ಪಟ್ಟಿ ಬಂತು. ಎಂಪಿ3 ಇದೆ, ಸಿಡಿಯ ಗುಣಮಟ್ಟವನ್ನು ಸ್ವಲ್ಪವೂ ಕಳೆಯದ ಫ್ಲ್ಯಾಕ್ ಇದೆ, ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ ಇದೆ. ಬೇಕಾದರೆ ಒಂದೇ ಹಣಕ್ಕೆ ಬೇರೆ ಬೇರೆ ರೂಪಗಳಲ್ಲಿ ಇಳಿಸಿಕೊಳ್ಳಬಹುದು. ಸಿಡಿಯ ಧ್ವನಿಗೆ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು, ನನ್ನ ಹಳೆಯ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3ಗೆ ಒಂದೇ ಎಂಬಿ. ಉಳಿದ ಒಂಬತ್ತು ಭಾಗದಲ್ಲಿ ಏನು ಹೋಗಿತ್ತೆಂದು ತಿಳಿಯಲು ಒಂದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಒಂದೇ ಕೃತಿಯನ್ನು ಎರಡೂ ಕಡತಗಳಲ್ಲಿ ಕೇಳಿದೆ. ಕೊಳಲಿನಲ್ಲಿ ನನಗೆ ಅಷ್ಟೇನೂ ಅಂತರ ಕಾಣಲಿಲ್ಲ. ಹೋಗಿದ್ದುದು ತಂಬೂರಿ. ಹಳೆಯ ಕಡತದಲ್ಲಿ ಅದು ನೀರಿನೊಳಗಿನಿಂದ ಕೇಳಿಬರುವ ಸದ್ದಿನಂತೆ ಕಲಸಿಹೋಗಿತ್ತು; ಹೊಸದರಲ್ಲಿ ಪ್ರತಿ ತಂತಿಯ ಮೀಟು ಬೇರೆಬೇರೆಯಾಗಿ ಹುಟ್ಟಿ, ಒಂದರೊಳಗೊಂದು ಬೆರೆತು, ಕೊಳಲು ಉಸಿರಿಗಾಗಿ ನಿಂತ ಜಾಗವನ್ನು ತುಂಬುತ್ತಿತ್ತು. ವಾದಕರು ಒಂದೆಡೆ ಉಸಿರೆಳೆದುಕೊಳ್ಳುವ ಸದ್ದನ್ನೂ ಅಂದು ಮೊದಲ ಬಾರಿಗೆ ಕೇಳಿದೆ.

ಆಲ್ಬಂನ ಪುಟದಲ್ಲಿ ಹೆಸರುಗಳಿದ್ದವು: ಪಿಟೀಲು, ಮೃದಂಗ, ಘಟ, ಧ್ವನಿಮುದ್ರಣ ಮಾಡಿದ ತಂತ್ರಜ್ಞರು, ಕೊನೆಯಲ್ಲಿ ತಂಬೂರಿ ಮೀಟಿದವರು. ಕಛೇರಿಗಳಲ್ಲಿಯೂ ಎಷ್ಟೋ ಸಲ ತಂಬೂರಿಯವರ ಹೆಸರನ್ನು ಯಾರೂ ಹೇಳುವುದಿಲ್ಲ. ಕೊಳ್ಳುವಾಗ ಕಲಾವಿದರಿಗೆ ನಾಲ್ಕು ಸಾಲು ಬರೆಯಲು ಅವಕಾಶವಿರುವುದರಿಂದ, ಹಿಂದೆ ಬಿಟ್ಟಿಯಾಗಿ ಕೇಳಿದ್ದನ್ನು ಒಪ್ಪಿಕೊಂಡು, ಇಷ್ಟು ಹೆಸರುಗಳನ್ನು ಕೊಟ್ಟಿದ್ದಕ್ಕೆ ಕನ್ನಡದಲ್ಲೇ ಕೃತಜ್ಞತೆ ತಿಳಿಸಿದೆ.

ಉಚಿತವಾದುದೆಲ್ಲ ಕದ್ದದ್ದು ಎಂದು ನಾನು ಹೇಳುತ್ತಿಲ್ಲ. ನಮ್ಮ ದೇಶದ ಕಾನೂನಿನ ಪ್ರಕಾರ ಧ್ವನಿಮುದ್ರಣದ ಹಕ್ಕುಸ್ವಾಮ್ಯ, ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಮಾತ್ರ ಇರುತ್ತದೆ; ಆ ಅವಧಿ ಮುಗಿದ ಹಳೆಯ ಗ್ರಾಮಫೋನ್ ತಟ್ಟೆಗಳ ಸಂಗೀತವನ್ನು ಸಂಗ್ರಾಹಕರು ಶ್ರದ್ಧೆಯಿಂದ ಡಿಜಿಟಲ್ ರೂಪಕ್ಕೆ ತಂದು ಎಲ್ಲರಿಗೂ ತೆರೆದಿಡುವುದು ದೊಡ್ಡ ಉಪಕಾರ. ಇಂದು ನುಡಿಸುತ್ತಿರುವವರ ಮಾತು ಬೇರೆ. ಇಳಿಸಿಕೊಳ್ಳದೆ ಅಂತರ್ಜಾಲದಲ್ಲೇ ಕೇಳುವ ಸ್ಟ್ರೀಮಿಂಗ್ ಇದೆಯಲ್ಲ ಎನ್ನುವವರು ಒಂದು ವಿಷಯ ಗಮನಿಸಬೇಕು: ಹಿಂದಿನ 12 ತಿಂಗಳಲ್ಲಿ 1,000 ಬಾರಿಯಾದರೂ ಕೇಳಲ್ಪಡದ ಹಾಡಿಗೆ ಸ್ಪಾಟಿಫೈ 2024ರಿಂದ ಸಂಭಾವನೆ ಲೆಕ್ಕ ಹಾಕುವುದಿಲ್ಲ. ಪುರಂದರದಾಸರ ದೇವರನಾಮವನ್ನು ಕೊಳಲಿನಲ್ಲಿ ನುಡಿಸುವವರಿಗೆ, ಹೊಸ ಕವಿಯ ಪದ್ಯಕ್ಕೆ ರಾಗ ಹಾಕುವವರಿಗೆ ಆ ಸಾವಿರ ಸುಲಭದ ಸಂಖ್ಯೆಯಲ್ಲ. ಅಂಥವರಿಗೆ ಹತ್ತು ಡಾಲರ್ ಕೊಟ್ಟ ಒಬ್ಬನೇ ಕೇಳುಗನಿಂದ ಎಂಟು ಡಾಲರಿನಷ್ಟು ನೇರವಾಗಿ ಸಿಗುತ್ತದೆ.

ಕೊಳ್ಳುವ ಮುನ್ನ ತಿಳಿದಿರಬೇಕಾದ ಕೆಲವು ತೊಡಕುಗಳೂ ಇವೆ. ಪಾವತಿಯನ್ನು ಕಾರ್ಡಿನಿಂದ ಅಥವಾ ಪೇಪಾಲ್‌ನಿಂದ ಮಾಡಬೇಕು. ಕಾರ್ಡಾದರೆ ವಿದೇಶಿ ವಹಿವಾಟಿನ ಅನುಮತಿಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ತೆರೆದಿರಬೇಕು, ಡಾಲರ್ ವಿನಿಮಯಕ್ಕೆ ಬ್ಯಾಂಕು ಪ್ರತ್ಯೇಕ ಶುಲ್ಕ ಹಿಡಿಯಬಹುದು. ಪುಟದಲ್ಲಿ ಉಚಿತವಾಗಿ ಕೇಳಿಸುವ ಮಾದರಿ 128 ಕೆಬಿಪಿಎಸ್ ಎಂಪಿ3 ಆಗಿರುವುದರಿಂದ ಅದನ್ನು ಕೇಳಿ ಧ್ವನಿಯ ಗುಣಮಟ್ಟವನ್ನು ಅಳೆಯಬಾರದು. ಕಂಪನಿಯ ಒಡೆತನ 2022ರಲ್ಲಿ ವಿಡಿಯೊ ಗೇಮ್ ಕಂಪನಿ ಎಪಿಕ್ ಗೇಮ್ಸ್‌ಗೆ, 2023ರಲ್ಲಿ ಸಂಗೀತ ಪರವಾನಗಿಯ ಕಂಪನಿ ಸಾಂಗ್‌ಟ್ರೇಡರ್‌ಗೆ ಹೋಯಿತು, ಎರಡನೆಯ ಬಾರಿ ಅರ್ಧದಷ್ಟು ಸಿಬ್ಬಂದಿ ಕೆಲಸ ಕಳೆದುಕೊಂಡರು. ಅಂಗಡಿ ಎಂದೆಂದಿಗೂ ಹೀಗೆಯೇ ಇರುತ್ತದೆಂದು ನಂಬಿ ಕೂರದೆ, ಕೊಂಡ ದಿನವೇ ಫ್ಲ್ಯಾಕ್ ಕಡತಗಳನ್ನು ಇಳಿಸಿಕೊಂಡು ಎರಡು ಕಡೆ ಪ್ರತಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ನಾನು ಹಾಗೆಯೇ ಮಾಡಿದ್ದೇನೆ.

ಕ್ಯಾಸೆಟ್ ಕಾಲದ ಭಾವಗೀತೆಗಳ ಹಕ್ಕುಳ್ಳವರು ಆ ಮೂಲ ಮುದ್ರಣಗಳನ್ನು, ಒಳಗಿನ ಕಾಗದದಲ್ಲಿದ್ದ ಹೆಸರುಗಳ ಸಮೇತ, ಹೀಗೆ ಕೊಳ್ಳಲು ಸಿಗುವಂತೆ ಮಾಡಲಿ ಎಂಬುದು ನನ್ನ ಮನಃಪೂರ್ವಕ ಬೇಡಿಕೆ. ತಂದೆಯವರ ಮರದ ಪೆಟ್ಟಿಗೆ ಈಗ ನನ್ನ ಬಳಿಯಿದೆ. ಹದಿನೇಳು ಕ್ಯಾಸೆಟ್ಟುಗಳ ಟೇಪು ಬೂಷ್ಟು ಹಿಡಿದು ಹಾಳಾಗಿದೆ, ಕಾಗದಗಳು ಚೆನ್ನಾಗಿವೆ. ಕೊಳ್ಳಬೇಕಾದವುಗಳ ಪಟ್ಟಿಯನ್ನು ಅವುಗಳನ್ನು ನೋಡಿಯೇ ಬರೆದಿಟ್ಟುಕೊಂಡಿದ್ದೇನೆ.